ಮೂತ್ರಪಿಂಡ ಸೋತಾಗ ಹೃದಯದ ಮಾತ್ರೆ

ಬಗದಲ್‌ನ ಹಿರಿಯರೊಬ್ಬರಿಗೆ ಹೃದಯಾಘಾತವಾಗಿ ಸ್ಟೆಂಟ್ ಹಾಕಲಾಗಿದೆ, ಮೂತ್ರಪಿಂಡಗಳೂ ಸೋತಿವೆ ಎಂದುಕೊಳ್ಳಿ. ಒಸಡಿನಲ್ಲಿ ರಕ್ತ ಕಂಡೊಡನೆ ಮನೆಯವರು ಆಸ್ಪಿರಿನ್ ನಿಲ್ಲಿಸಿಬಿಟ್ಟರು. ಇದು ಸರಿಯೇ?

ರಕ್ತದಲ್ಲಿರುವ ಪ್ಲೇಟ್‌ಲೆಟ್ ಎಂಬ ಕಿರುತಟ್ಟೆಗಳು ಗಾಯವಾದಲ್ಲಿ ಒಂದಕ್ಕೊಂದು ಅಂಟಿ ಸೋರಿಕೆ ತಡೆಯುತ್ತವೆ. ಹೃದಯದ ಅಪಧಮನಿಯೊಳಗೆ ಹೀಗೆ ಅಂಟಿಕೊಂಡರೆ ಮಾತ್ರ ಆಪತ್ತು. ಆಸ್ಪಿರಿನ್ ಅವುಗಳ ಸೈಕ್ಲೊಆಕ್ಸಿಜನೇಸ್ ಕಿಣ್ವವನ್ನು ಶಾಶ್ವತವಾಗಿ ಕೆಡಿಸುತ್ತದೆ. ಕಿರುತಟ್ಟೆಗೆ ಕೋಶಕೇಂದ್ರವಿಲ್ಲ, ಹೊಸ ಕಿಣ್ವ ತಯಾರಿಸಿಕೊಳ್ಳಲಾರದು. ಅದರ 7-10 ದಿನಗಳ ಆಯುಷ್ಯವಿಡೀ ಪರಿಣಾಮ ಉಳಿಯುತ್ತದೆ. ಆದರೆ ದಿನವೂ ಸುಮಾರು ಹತ್ತರಲ್ಲೊಂದು ಭಾಗ ಹೊಸ ಕಿರುತಟ್ಟೆಗಳು ಬರುತ್ತವಲ್ಲ! ಅದಕ್ಕೇ ದಿನಕ್ಕೊಂದು ಸಣ್ಣ ಮಾತ್ರೆ, ಸಾಮಾನ್ಯವಾಗಿ 75 ಮಿಲಿಗ್ರಾಂ.

ಮೂತ್ರಪಿಂಡ ಸೋತವರಲ್ಲಿ ಲೆಕ್ಕ ತೊಡಕಾಗುತ್ತದೆ. ರಕ್ತದಲ್ಲೇ ಉಳಿದ ಕಲ್ಮಶಗಳು ಕಿರುತಟ್ಟೆಗಳ ಅಂಟುವ ಶಕ್ತಿಯನ್ನು ಕುಗ್ಗಿಸುತ್ತವೆ. ಅತ್ತ, ಕ್ಯಾಲ್ಸಿಯಂ ಸೇರಿ ಪೆಡಸಾದ ಅಪಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಹೆಚ್ಚು. ರಕ್ತಸ್ರಾವ, ಹೆಪ್ಪು ಎರಡೂ ಒಬ್ಬರಲ್ಲೇ! ದೊಡ್ಡ ಔಷಧ ಪರೀಕ್ಷೆಗಳು ಇಂಥವರನ್ನು ಬಹುಮಟ್ಟಿಗೆ ಹೊರಗಿಟ್ಟವು. ಹಾಗಾಗಿ ವೈದ್ಯರು ಒಬ್ಬೊಬ್ಬ ರೋಗಿಯನ್ನೂ ತೂಗಿನೋಡಬೇಕಾಗುತ್ತದೆ.

ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿದರೆ ಸ್ಟೆಂಟ್ ಒಳಗೇ ಹೆಪ್ಪುಗಟ್ಟಬಹುದು. ಒಸಡಿನ ರಕ್ತದ ವಿಷಯವನ್ನು ವೈದ್ಯರಿಗೆ ಹೇಳಬೇಕು. ಮಂಡಿನೋವಿಗೆಂದು ಅಂಗಡಿಯಿಂದ ತರುವ ಡೈಕ್ಲೊಫೆನಾಕ್ ಬೇಡ. ಅದು ಮೂತ್ರಪಿಂಡವನ್ನು ಇನ್ನಷ್ಟು ಕೆಡಿಸಿ ರಕ್ತಸ್ರಾವವನ್ನೂ ಹೆಚ್ಚಿಸುತ್ತದೆ. ಮಲ ಡಾಂಬರಿನಂತೆ ಕಪ್ಪಾದರೆ ಅಂದೇ ಆಸ್ಪತ್ರೆಗೆ ಹೋಗಬೇಕು.