ಜೋಳದ ಬೇರಿನಲ್ಲಿ ಜೀವಕಣಗಳ ವಿಭಜನೆ

ಐಹೊಳೆಯ ಸುತ್ತಲಿನ ಎರೆಭೂಮಿಯಲ್ಲಿ ಹಿಂಗಾರಿ ಬಿಳಿಜೋಳವು ನೆಲದಲ್ಲುಳಿದ ಹಸಿಯನ್ನೇ ನೆಚ್ಚಿ ಬೆಳೆಯತಕ್ಕದ್ದು. ಮೇಲ್ಮಣ್ಣು ಒಣಗುವುದರೊಳಗಾಗಿ ಬೇರು ಆಳದ ಹಸಿಯನ್ನು ಮುಟ್ಟದಿದ್ದರೆ ಪೈರು ಸೊರಗುವುದೆಂಬುದನ್ನು ರೈತರೆಲ್ಲರೂ ಬಲ್ಲರು. ಬೇರು ಇಳಿಯುವ ಬಗೆಯನ್ನು ಇಲ್ಲಿ ವಿವರಿಸುವೆವು.

ಬೇರಿನ ತುದಿಯಲ್ಲಿ ಜೀವಕಣಗಳು ಒಂದು ಎರಡಾಗುತ್ತ ಹೆಚ್ಚುವುವು. ಜೋಳದ ಜೀವಕಣವು ಒಡೆಯುವ ಮೊದಲು ತನ್ನ 20 ವರ್ಣತಂತುಗಳನ್ನು ಇಮ್ಮಡಿಸಿಕೊಳ್ಳಬೇಕು. ಈ ಕಾರ್ಯವನ್ನು ನಡೆಸತಕ್ಕವು ಪ್ರೋಟೀನುಗಳು. ಅವುಗಳಲ್ಲಿ ಕೈನೇಸ್ ಎಂಬುದು ಒಂಟಿಯಾಗಿ ಕೆಲಸಮಾಡಲಾರದು. ಸೈಕ್ಲಿನ್ ಎಂಬ ಇನ್ನೊಂದು ಬಂದು ಕೂಡಿದಾಗಲೇ, ನೊಗಕ್ಕೆ ಜೋಡೆತ್ತು ಹೂಡಿದಂತೆ, ಕೆಲಸವು ಸಾಗುವುದು. ವಿಭಜನೆಯು ಮುಗಿಯಬೇಕಾದರೆ ಸೈಕ್ಲಿನ್ ಅಳಿಯಬೇಕು. ಮುಂದಿನ ಸುತ್ತಿಗೆ ಹೊಸದು ಹುಟ್ಟಬೇಕು. ಇದನ್ನು 1982ರಲ್ಲಿ ಟಿಮ್ ಹಂಟ್ ಎಂಬ ಆಂಗ್ಲ ವಿಜ್ಞಾನಿಯು ಕಡಲಜೀವಿಯೊಂದರ ತತ್ತಿಗಳಲ್ಲಿ ಕಂಡನು. 2001ರಲ್ಲಿ ಆತನಿಗೂ ಇನ್ನಿಬ್ಬರಿಗೂ ನೊಬೆಲ್ ಪಾರಿತೋಷಕವು ದೊರೆಯಿತು.

ಹಸಿಯು ತೀರ ತಗ್ಗಿದಾಗ ಸಸ್ಯಗಳಲ್ಲಿ ತಡೆಯುವ ಪ್ರೋಟೀನುಗಳು ಹೆಚ್ಚಿ, ಈ ಜೋಡಿಗೆ ಅಂಟಿಕೊಂಡು ಅದನ್ನು ನಿಲ್ಲಿಸುವುವು. ಆಗ ವಿಭಜನೆಯು ಕುಂದಿ ಬೆಳೆಯು ಹಿಂದೆಬೀಳುವುದು.

ಆದುದರಿಂದ ರೈತಬಾಂಧವರು ಹದವರಿತು ಹಸಿಮಣ್ಣಿಗೆ ಬೀಜ ತಾಗುವಂತೆ ಬಿತ್ತಬೇಕು. ಎಡೆಕುಂಟೆ ಹೊಡೆದು ಕಳೆಯನ್ನು ತೆಗೆದು, ನೆಲದ ಬಿರುಕುಗಳನ್ನು ಮುಚ್ಚಬೇಕು. ಹೀಗೆ ಉಳಿಸಿದ ಹಸಿಯು ಬೇರಿನ ತುದಿಯಲ್ಲಿ ಈ ಜೋಡಿಯ ಕೆಲಸವನ್ನು ನಿಲ್ಲಗೊಡದು.