ಕಾರಿನ ಮೇಲಿನ ಅಂಟು, ಮರದ ಮೇಲಿನ ಸಿಟ್ಟು

ಒಂದು ಕಾಲದಲ್ಲಿ ನಮ್ಮ ಹಳ್ಳಿಗಳಿಗೆ ಕಾರು ಬಂತೆಂದರೆ ಮಕ್ಕಳೆಲ್ಲ ದಾರಿಬದಿಗೆ ಓಡಿ ಬಂದು ನಿಲ್ಲುತ್ತಿದ್ದರು. ಈಗ ಹಾಗಿಲ್ಲ. ಮಂಜೇಶ್ವರದಿಂದ ಅಡೂರಿನ ತನಕ ಎಲ್ಲಿ ನೋಡಿದರೂ ಮನೆಯಂಗಳದಲ್ಲಿ ಒಂದು ಕಾರು. ಕೆಲವರದು ಕೊಲ್ಲಿ ನಾಡಿನ ದುಡಿಮೆ, ಕೆಲವರದು ಬ್ಯಾಂಕಿನ ಸಾಲ. ಕಾರು ಬಂದ ಬೆನ್ನಿಗೇ ಅದಕ್ಕೊಂದು ಕೊಟ್ಟಿಗೆಯನ್ನೂ ಕಟ್ಟಿಸುವ ಅನುಕೂಲ ಎಲ್ಲರಿಗೂ ಇರುವುದಿಲ್ಲ. ಆದುದರಿಂದ ಕಾರಿಗೆ ಮಾವಿನ ಮರವೇ ಮಾಡು, ತೆಂಗಿನ ಗರಿಯೇ ಚಪ್ಪರ.

ಬೆಳಗ್ಗೆ ಎದ್ದು ನೋಡಿದರೆ ಗಾಜಿನ ತುಂಬ ಜಿಗುಟು. ಮೈಯೆಲ್ಲ ಸಕ್ಕರೆ ಪಾಕ ಎರಚಿದ ಹಾಗೆ ಚುಕ್ಕಿಗಳು. ಆ ಅಂಟಿಗೆ ಧೂಳು, ಧೂಳಿನ ಮೇಲೆ ತರಗೆಲೆ. ಯಜಮಾನನಿಗೆ ಸಿಟ್ಟು ಬರುವುದು ಸಹಜ. ಆದರೆ ಆ ಸಿಟ್ಟು ನೇರವಾಗಿ ಮರದ ಮೇಲೆ ಹೋಗುತ್ತದೆ. “ಇದನ್ನೊಮ್ಮೆ ತೆಗೆಸಿಬಿಡಬೇಕು” ಎಂಬ ಮಾತು ಎಷ್ಟು ಮನೆಗಳಲ್ಲಿ ಕೇಳಿ ಬರುವುದಿಲ್ಲ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಇಂತಹ ಕಡೆಗೇ ಸಲ್ಲುತ್ತದೆ.

ಅಂಟು ಮರದ್ದಲ್ಲ

ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಒದ್ದೆ ಬಟ್ಟೆಯನ್ನು ಆ ಚುಕ್ಕಿಯ ಮೇಲೆ ಎರಡು ನಿಮಿಷ ಇಡಿ. ಚುಕ್ಕಿ ಕರಗಿ ಬಂದರೆ ಅದು ಮರದ ಅಂಟಲ್ಲ, ಸಕ್ಕರೆಯ ನೀರು. ಮರದಲ್ಲಿ ಕೂತ ಹುಳುಗಳು ಹೊರಹಾಕಿದ ಸಿಹಿದ್ರವ.

ಮಾವು ಹೂ ಬಿಡುವ ಕಾಲದಲ್ಲಿ ಜಿಗಿಹುಳುಗಳು ಹೂಗೊಂಚಲಿಗೆ ಮುತ್ತುತ್ತವೆ. ಮರದಡಿ ನಿಂತರೆ ಚಿಟಪಟ ಎಂದು ಹಾರುವ ಸದ್ದು ಕೇಳುತ್ತದೆ. ಬೇರೆ ಮರಗಳಲ್ಲಿ ಸಸ್ಯಹೇನು, ಹಿಟ್ಟುತಿಗಣೆ, ಬಿಳಿನೊಣಗಳು ಇದೇ ಕೆಲಸ ಮಾಡುತ್ತವೆ. ಇವೆಲ್ಲ ಗಿಡದ ರಸ ಹೀರಿ ಬದುಕುವ ಜೀವಿಗಳು. ಆ ರಸದಲ್ಲಿ ಸಕ್ಕರೆ ಬಹಳ, ಮೈ ಬೆಳೆಸುವ ಸತ್ವ ಸ್ವಲ್ಪ. ಬೇಕಾದಷ್ಟು ಸತ್ವ ಸಿಗಬೇಕಾದರೆ ಹುಳು ಅಳತೆ ಮೀರಿ ಕುಡಿಯಬೇಕು. ಹೆಚ್ಚಾದ ಸಕ್ಕರೆ ನೀರನ್ನು ಹಿಂದಿನಿಂದ ಹೊರಗೆ ಬಿಡಬೇಕು. ಅದೇ ನಮ್ಮ ಕಾರಿನ ಮೇಲೆ ಬೀಳುವುದು. ಮರದ ಕಾಂಡದಲ್ಲಿ ಇರುವೆಗಳ ಸಾಲು ಹತ್ತಿ ಇಳಿಯುತ್ತಿದ್ದರೆ ಮೇಲೆ ಈ ಸಿಹಿದ್ರವ ಇದೆಯೆಂದು ಊಹಿಸಬಹುದು. ಕೆಲವು ದಿನ ಹಾಗೆಯೇ ಬಿಟ್ಟರೆ ಅದರ ಮೇಲೆ ಕಾಡಿಗೆಯಂತಹ ಕಪ್ಪು ಬೂಷ್ಟು ಬೆಳೆಯುತ್ತದೆ.

ಇದು ನಮ್ಮೂರಿನ ಗೋಳು ಮಾತ್ರವಲ್ಲ. ಯೂರೋಪಿನ ನಗರಗಳ ಲಿಂಡನ್ ಸಾಲುಮರಗಳ ಅಡಿಯಲ್ಲಿ ನಿಂತ ಕಾರುಗಳಿಗೂ ಬೇಸಿಗೆಯಲ್ಲಿ ಇದೇ ಗತಿ. 19ನೆಯ ಶತಮಾನದಲ್ಲಿ ಪೆರು ದೇಶದ ಕಾಡಿನಲ್ಲಿ ಮರದಿಂದ ಮಳೆ ಸುರಿಯುತ್ತದೆಂಬ ಸುದ್ದಿ ಹಬ್ಬಿತ್ತು. ಸಸ್ಯ ವಿಜ್ಞಾನಿ ರಿಚರ್ಡ್ ಸ್ಪ್ರೂಸ್ ತಲೆಯೆತ್ತಿ ನೋಡಿದಾಗ ಕಂಡದ್ದು ಕೊಂಬೆಗಳಲ್ಲಿ ಕೂತು ರಸ ಹೀರುತ್ತಿದ್ದ ಜೀರುಂಡೆಗಳನ್ನು. ಮಳೆ ಸುರಿಸುತ್ತಿದ್ದವು ಅವೇ.

ತೆಂಗಿನಡಿಯ ಕಪ್ಪು

ನಮ್ಮ ಜಿಲ್ಲೆಯಲ್ಲಿ ಈ ಕಾಟ ಹೆಚ್ಚಿಸಿದ್ದು ತೆಂಗಿನ ಬಿಳಿನೊಣ. ಗರಿಯ ಅಡಿಭಾಗದಲ್ಲಿ ಸುರುಳಿ ಸುರುಳಿಯಾಗಿ ಮೊಟ್ಟೆಯಿಟ್ಟು ಬಿಳಿ ಮೇಣ ಮೆತ್ತುವ ಈ ಪರದೇಶಿ ನೊಣ ಭಾರತದಲ್ಲಿ ಮೊದಲು ಕಾಣಿಸಿಕೊಂಡದ್ದು 2016ರಲ್ಲಿ, ತಮಿಳುನಾಡಿನ ಪೊಳ್ಳಾಚಿ ಮತ್ತು ಕೇರಳದ ಪಾಲಕ್ಕಾಡ್ ಕಡೆಗಳಲ್ಲಿ. ಮತ್ತೆ ಕರಾವಳಿಗೂ ಹಬ್ಬಿತು. ತೆಂಗಿನಡಿಯ ಬಾಳೆ, ಕೊಕ್ಕೊ, ಅಲ್ಲೇ ನಿಲ್ಲಿಸಿದ ಕಾರು ಎಲ್ಲವೂ ಕಪ್ಪು.

ತೆಂಗಿನ ಸಂಶೋಧನೆಗೆ 1916ರಿಂದಲೇ ನೆಲೆಯಾದ ಊರು ನಮ್ಮ ಕಾಸರಗೋಡು. 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಇಲ್ಲಿನ ಸಂಸ್ಥೆಯ ವಿಜ್ಞಾನಿಗಳು ಈ ನೊಣದ ವಿಷಯದಲ್ಲಿ ಕೊಟ್ಟ ಸಲಹೆಯನ್ನು ಕಾರಿನವರೂ ಕೇಳಬೇಕು. ರಾಸಾಯನಿಕ ವಿಷ ಹೊಡೆಯಬೇಡಿ ಎಂಬುದೇ ಆ ಸಲಹೆ. ಏಕೆಂದರೆ ಈ ನೊಣದ ಮರಿಗಳ ಒಳಗೆ ಮೊಟ್ಟೆಯಿಟ್ಟು ಅವನ್ನು ಮುಗಿಸುವ ಎನ್‌ಕಾರ್ಸಿಯಾ ಎಂಬ ಕಣಜ ಇದೆ. ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣದು. ಕಪ್ಪು ಬೂಷ್ಟನ್ನೇ ತಿನ್ನುವ ಒಂದು ಜೀರುಂಡೆಯೂ ಇದೆ. ವಿಷ ಹೊಡೆದರೆ ಮೊದಲು ಸಾಯುವುದು ಈ ನಮ್ಮ ನೆಂಟರೇ. ಬೂಷ್ಟು ತೀರಾ ಹೆಚ್ಚಾದರೆ ನೂರು ಲೀಟರ್ ನೀರಿಗೆ ಒಂದು ಕಿಲೋದಂತೆ ಗಂಜಿಹಿಟ್ಟು ಕಾಯಿಸಿ ಕಲಸಿ ಗರಿಗೆ ಸಿಂಪಡಿಸಬಹುದು. ಒಣಗಿದಾಗ ಬೂಷ್ಟು ಹಪ್ಪಳದಂತೆ ಎದ್ದು ಉದುರುತ್ತದೆ. ಅನ್ನದ ಗಂಜಿ ಹಾಕಿ ಮುಂಡು ಒಗೆಯುವ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ವಿಷದ ಪಾಠ ನಮಗೆ ಬೇಕೆ?

“ಒಮ್ಮೆ ಮದ್ದು ಹೊಡೆಸಿದರೆ ಏನಾಯಿತು?” ಎಂದು ಕೇಳುವವರಿದ್ದಾರೆ. ಬೇರೆ ಜಿಲ್ಲೆಯವರು ಕೇಳಿದರೆ ಕ್ಷಮಿಸೋಣ. ನಾವು ಕೇಳಬಾರದು. ಗೇರು ತೋಟದ ಟೀ ಸೊಳ್ಳೆ ಎಂಬ ರಸ ಹೀರುವ ಕೀಟವನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದ ತನಕ ನಮ್ಮ ಗುಡ್ಡಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಎಣ್ಮಕಜೆಯ ಪಡ್ರೆ, ಸ್ವರ್ಗ ಮೊದಲಾದ ಊರುಗಳ ಮನೆಗಳಲ್ಲಿ ಅದರ ಫಲವನ್ನು ಇಂದಿಗೂ ಉಣ್ಣುತ್ತಿದ್ದಾರೆ. ಸರ್ವೋಚ್ಚ ನ್ಯಾಯಾಲಯ 2011ರ ಮೇ 13ರಂದು ದೇಶಕ್ಕೆಲ್ಲ ಅದನ್ನು ನಿಲ್ಲಿಸಿತು. ಒಂದು ಕೀಟದ ನೆಪದಲ್ಲಿ ಅಷ್ಟು ಕಳೆದುಕೊಂಡ ಜಿಲ್ಲೆಯವರು ಕಾರಿನ ಹೊಳಪಿಗಾಗಿ ಬಾವಿಕಟ್ಟೆಯ ಪಕ್ಕದ ಮರಕ್ಕೆ ವಿಷ ಹೊಡೆಸುವುದೆಂದರೆ ಅದಕ್ಕೆ ಏನು ಹೇಳೋಣ?

ಉಂಡವಳ್ಳಿಯ ಬೇವು

ಅದೇ ಟೀ ಸೊಳ್ಳೆ ಬೇವಿನ ಚಿಗುರನ್ನೂ ಹೀರುತ್ತದೆ. ಇದನ್ನು ತಿಳಿಯಲು ನಮ್ಮಂತೆಯೇ ಗಡಿಯಾಚೆ ಉಳಿದ ಇನ್ನೊಂದು ಸೀಮೆಗೆ ಹೋಗಬೇಕು. ಹೈದರಾಬಾದಿನಿಂದ ಕರ್ನೂಲಿಗೆ ಬರುವ ರಾಷ್ಟ್ರೀಯ ಹೆದ್ದಾರಿ 44ರಲ್ಲಿ, ತುಂಗಭದ್ರೆ ದಾಟುವ ಮೊದಲು ಸಿಗುವ ಊರು ಉಂಡವಳ್ಳಿ. ಇಂದು ತೆಲಂಗಾಣದ ಜೋಗುಳಾಂಬಾ ಗದ್ವಾಲ ಜಿಲ್ಲೆಗೆ ಸೇರಿದೆ. ಗದ್ವಾಲ, ಆಲಂಪುರ ತಾಲೂಕುಗಳು 1956ರ ತನಕ ರಾಯಚೂರು ಜಿಲ್ಲೆಯಲ್ಲಿದ್ದವು. ನಾವು ದಕ್ಷಿಣ ಕನ್ನಡದಿಂದ ಅಗಲಿದ ಅದೇ ನವೆಂಬರ್ 1ರಂದು ಅವು ಆಂಧ್ರಕ್ಕೆ ಹೋದವು. ಬಾದಾಮಿಯ ಚಾಲುಕ್ಯರು ಕಟ್ಟಿಸಿದ ಆಲಂಪುರದ ನವಬ್ರಹ್ಮ ದೇಗುಲಗಳನ್ನು ನೋಡಲು ಹೋಗುವವರಿಗೆ ಇದೇ ದಾರಿ.

ಅಲ್ಲಿ ನಮ್ಮ ಕಡೆಯ ಹಸಿ ಗಾಳಿಯಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಕಾರಿಗೆ ಬೇವಿನ ನೆರಳೇ ಗತಿ. ಯುಗಾದಿಯ ಮೊದಲು ಎಲೆ, ಆಮೇಲೆ ಹೂವಿನ ಎಸಳು, ಮಳೆ ಹಿಡಿಯುವ ಹೊತ್ತಿಗೆ ಜಿಗುಟಾದ ಹಣ್ಣು, ಹೀಗೆ ಬೇವು ಸರದಿಯ ಮೇಲೆ ಏನಾದರೂ ಉದುರಿಸುತ್ತಲೇ ಇರುತ್ತದೆ. ಇಲ್ಲಿ ಅಂಟು ಹಸಿಯಾಗಿ ಬೂಷ್ಟು ಹಿಡಿದರೆ, ಅಲ್ಲಿ ಧೂಳಿನೊಡನೆ ಬೆಂದು ಗಟ್ಟಿಯಾಗುತ್ತದೆ. 2021, 2022ರಲ್ಲಿ ತೆಲಂಗಾಣದಾದ್ಯಂತ ಬೇವಿನ ಮರಗಳು ಬೆಂಕಿ ತಗಲಿದಂತೆ ಒಣಗಿ ನಿಂತವು. ಒಂದು ಶಿಲೀಂಧ್ರ ರೋಗ, ಅದರ ಜೊತೆಗೆ ಟೀ ಸೊಳ್ಳೆಯ ಹಾವಳಿ. ಸತ್ತೇ ಹೋದವೆಂದು ಜನ ತಿಳಿದಿದ್ದ ಎಷ್ಟೋ ಮರಗಳು ಮತ್ತೆ ಚಿಗುರಿದವು. ಅವಸರದಲ್ಲಿ ಕೊಡಲಿ ಹಾಕಿದ್ದರೆ ಚಿಗುರಲು ಮರವೇ ಇರುತ್ತಿರಲಿಲ್ಲ.

ತೊಳೆಯುವ ಕ್ರಮ

ಹಾಗಾದರೆ ಕಾರಿಗೇನು ದಾರಿ? ದಾರಿ ಇದೆ, ಕಷ್ಟದ್ದೂ ಅಲ್ಲ. ಮುಖ್ಯವಾದ ಮಾತು, ಬಿಸಿಲೇರುವ ಮೊದಲು ತೊಳೆಯುವುದು. ಸಿಹಿದ್ರವ ಹಸಿಯಿರುವಾಗ ಬರೇ ನೀರಿಗೆ ಹೋಗುತ್ತದೆ. ಬಿಸಿಲಿಗೆ ಕಾದ ತಗಡಿನ ಮೇಲೆ ಒಣಗಿ ಕೂತರೆ ಬಣ್ಣದ ಮೇಲ್ಪದರವನ್ನು ಹಿಡಿದು ಕಲೆ ಮಾಡುತ್ತದೆ. ಹಕ್ಕಿಯ ಹಿಕ್ಕೆಯಲ್ಲಿ ಆಮ್ಲವಿರುವುದರಿಂದ ಅದನ್ನಂತೂ ಅಂದೇ ತೆಗೆಯಬೇಕು.

ಒಣ ಬಟ್ಟೆಯಿಂದ ಎಂದಿಗೂ ಉಜ್ಜಬೇಡಿ. ಅಂಟಿನೊಳಗೆ ಸಿಕ್ಕಿದ ಮರಳು ಬಣ್ಣವನ್ನು ಗೀರುತ್ತದೆ. ಮೊದಲು ಧಾರಾಳ ನೀರು ಹೊಯ್ಯಿರಿ. ಗಟ್ಟಿಯಾದ ಕಡೆ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಹಳೆಯ ಹತ್ತಿ ಬಟ್ಟೆಯನ್ನು ಹತ್ತು ನಿಮಿಷ ಹಾಸಿಡಿ. ಮತ್ತೆ ಮೆದು ಸಾಬೂನಿನ ನೀರಿನಿಂದ ಒರಸಿ. ಬಟ್ಟೆ ಒಗೆಯುವ ಸೋಡ, ಪಾತ್ರೆ ತಿಕ್ಕುವ ನಾರು ಬೇಡ. ಅಂಟು ಮೆತ್ತಿದ ಗಾಜಿನ ಮೇಲೆ ವೈಪರು ಓಡಿಸಬೇಡಿ. ಗಾಜೆಲ್ಲ ಮಸುಕಾಗಿ ಎದುರಿನ ದಾರಿ ಕಾಣದೆ ಹೋದೀತು.

ಒದ್ದೆ ಬಟ್ಟೆಗೆ ಬಾರದ ಅಂಟು ನಿಜವಾಗಿ ಮರದ್ದು. ಹಲಸಿನ ಮೇಣಕ್ಕೆ ನೀರು ನಾಟುವುದಿಲ್ಲ. ಹಲಸು ಕೊಯ್ಯುವ ಮೊದಲು ಅಜ್ಜಿ ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರುತ್ತಿದ್ದುದು ನೆನಪಿದೆಯಷ್ಟೆ? ಕಾರಿಗೂ ಅದೇ ಮದ್ದು. ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಮೆದುವಾಗಿ ತೆಗೆದು, ಸಾಬೂನು ನೀರಿನಲ್ಲಿ ತೊಳೆದರಾಯಿತು. ಮೂರು ತಿಂಗಳಿಗೊಮ್ಮೆ ಮೇಣದ ಪಾಲಿಶ್ ಹಾಕಿದರೆ ಯಾವ ಅಂಟೂ ಗಟ್ಟಿಯಾಗಿ ಹಿಡಿಯುವುದಿಲ್ಲ.

ತರಗೆಲೆಯ ಕೇಡು

ಎಲೆ ಬಿದ್ದರೆ ಏನೆಂದು ಉದಾಸೀನ ಮಾಡುವವರೇ ಹೆಚ್ಚು. ಮೇಲೆ ಬಿದ್ದ ಎಲೆ ಗುಡಿಸಬಹುದು. ಮುಂಗಾಜಿನ ಬುಡದಲ್ಲಿ, ವೈಪರುಗಳ ಹತ್ತಿರದ ಜಾಲರಿಯೊಳಗೆ ಇಳಿದ ಎಲೆ ಕಾಣುವುದಿಲ್ಲ. ನೀರು ಹೊರಗೆ ಹೋಗುವ ಸಣ್ಣ ತೂತುಗಳು ಅಲ್ಲಿವೆ. ಅವು ಕಟ್ಟಿಕೊಂಡರೆ ಆಟಿಯ ಮಳೆಗೆ ನೀರು ಕಾರಿನೊಳಗೇ ಇಳಿದು, ಹಾಸು ಕೊಳೆತು ನಾತ ಬರುತ್ತದೆ. ತಗಡು ತುಕ್ಕು ಹಿಡಿಯುತ್ತದೆ. ಆದುದರಿಂದ ಮಳೆಗಾಲದ ಮೊದಲೊಮ್ಮೆ, ಮತ್ತೆ ವಾರಕ್ಕೊಮ್ಮೆ ಬಾನೆಟ್ ಎತ್ತಿ ಕೈಯಿಂದಲೇ ಎಲೆ ಹೆಕ್ಕಬೇಕು. ಬಾನೆಟ್‌ನೊಳಗೆ ಎಲೆ ರಾಶಿ ಬಿದ್ದರೆ ಇಲಿಗೆ ಗೂಡು ಕಟ್ಟಿಕೊಟ್ಟಂತೆ. ಬೇಸಿಗೆಯಲ್ಲಿ, ದೂರದಿಂದ ಓಡಿ ಬಂದ ಕಾರನ್ನು ತರಗೆಲೆಯ ರಾಶಿಯ ಮೇಲಾಗಲಿ ಒಣ ಮುಳಿಹುಲ್ಲಿನ ಮೇಲಾಗಲಿ ನಿಲ್ಲಿಸಬಾರದು. ಅಡಿಯ ಹೊಗೆಕೊಳವೆ ಕೆಂಡದಂತೆ ಕಾದಿರುತ್ತದೆ.

ಹೊದಿಕೆ ಹಾಕುವವರು ಗಾಳಿಯಾಡುವ ಬಟ್ಟೆಯದನ್ನೇ ಹಾಕಿ, ಅದೂ ತೊಳೆದು ಒಣಗಿದ ಕಾರಿನ ಮೇಲೆ. ಪ್ಲಾಸ್ಟಿಕ್ ಹಾಳೆ ಸುತ್ತಿದರೆ ಮಳೆಗಾಲದಲ್ಲಿ ಒಳಗೇ ಬೆವರಿ ಬೂಷ್ಟು ಬರುತ್ತದೆ. ಎಲ್ಲಕ್ಕಿಂತ ಅಗ್ಗದ ಉಪಾಯ ನಮ್ಮ ಹಳೆಯ ಚಪ್ಪರ. ನಾಲ್ಕು ಅಡಿಕೆ ಕಂಬ, ಮೇಲೆ ಒಂದು ಹಸಿರು ಬಲೆ, ಅದರ ಮೇಲೆ ಹೆಣೆದ ಮಡಲು. ತೆಂಗಿನ ನೇರ ಅಡಿ ಮಾತ್ರ ಬೇಡ. ಅಂಟು ತೊಳೆದರೆ ಹೋಗುತ್ತದೆ, ಕಾಯಿ ಬಿದ್ದ ಗಾಜು ತೊಳೆದರೆ ಸರಿಯಾಗುವುದಿಲ್ಲ.

ನೆರಳಿನ ಬೆಲೆ

ನನಗೆ ತಿಳಿದ ಒಂದು ಶಾಲೆಯ ರಕ್ಷಕ ಶಿಕ್ಷಕ ಸಂಘದ ಸಭೆಯಲ್ಲಿ, ಅಂಗಳದ ಹಳೆಯ ಮಾವಿನ ಮರ ಕಡಿಸಬೇಕೆಂಬ ಸೂಚನೆ ಬಂತು. ಅಧ್ಯಾಪಕರ ಕಾರುಗಳಿಗೆ ಅಂಟು ಬೀಳುತ್ತದೆಂಬುದೇ ಕಾರಣ. ಹಿಂದಿನ ಸಾಲಿನಲ್ಲಿ ಕೂತಿದ್ದ ಬೀಡಿ ಕಟ್ಟುವ ತಾಯಿಯೊಬ್ಬರು ಎದ್ದು ಕೇಳಿದರು: “ಕಾರು ಆರು ಉಂಟು ಮಾಷ್ಟ್ರೇ. ಮಧ್ಯಾಹ್ನ ಆ ನೆರಳಿಗೆ ಕೂರುವ ಮಕ್ಕಳು ಎಷ್ಟು?” ಸಭೆ ಉತ್ತರ ಹೇಳಲಿಲ್ಲ. ಮರುದಿನದಿಂದ ಕಾರುಗಳು ಆವರಣದ ಗೋಡೆಯ ಬದಿಗೆ ಹೋದವು. ಅಲ್ಲಿಗೊಂದು ಬಲೆ ಕಟ್ಟಿಸಿದರು. ಮರ ಉಳಿಯಿತು.

ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣದಲ್ಲಿ ತಲಪಾಡಿಯಿಂದ ದಕ್ಷಿಣಕ್ಕೆ ಹಳೆಯ ಮರಗಳು ಹೋದ ಮೇಲೆ ಬಸ್ಸು ಕಾಯುವವರಿಗೆ ಬಿಸಿಲೆಂದರೇನೆಂದು ತಿಳಿದಿದೆ. ಗಾಜು ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಒಂದು ತಾಸಿನಲ್ಲಿ ಹೊರಗಿಗಿಂತ ಸುಮಾರು 20 ಡಿಗ್ರಿ ಶಾಖ ಹೆಚ್ಚುತ್ತದೆ. ಮರ ಕಡಿಸಿದವನ ಕಾರು ಅಂಟಿನಿಂದ ಪಾರಾದೀತು, ಬಿಸಿಲಿನಿಂದ ಪಾರಾಗದು. ಬಣ್ಣ ಮಾಸುವುದು, ಆಸನದ ಹೊದಿಕೆ ಒಡೆಯುವುದು ಅಲ್ಲಿಯೇ.

ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವರಿಲ್ಲ. ಅಂಟಿಗೆ ಒಂದು ಕೊಡ ನೀರು ಸಾಕು. ಕಡಿದ ಮರದ ಜಾಗದಲ್ಲಿ ಇನ್ನೊಂದು ಮರ ಅಷ್ಟು ನೆರಳು ಕೊಡಬೇಕಾದರೆ ಇಂದು ಒಂದನೆಯ ತರಗತಿಯಲ್ಲಿರುವ ಮಗು ತನ್ನ ಮಗುವನ್ನು ಶಾಲೆಗೆ ಸೇರಿಸುವಷ್ಟು ಕಾಲ ಬೇಕು. ಕತ್ತಿ ಎತ್ತುವ ಮೊದಲು ಒಂದು ಸಲ ಬಾಲ್ದಿ ಎತ್ತಿ ನೋಡಬಾರದೆ?