ಕುರುಚಲು ಕಾಡಿನ ಜೀವಲೋಕ: ಜೋಗಿಮಟ್ಟಿಯಿಂದ ಮಾರಿಕಣಿವೆಯವರೆಗೆ

ಚಿತ್ರದುರ್ಗ ನಗರದ ದಕ್ಷಿಣಕ್ಕಿರುವ ಜೋಗಿಮಟ್ಟಿಯಿಂದ ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯ ಕಡೆಗೆ ಗುಡ್ಡಗಳ ಸಾಲೊಂದು ಹಬ್ಬಿದೆ. ಬೇಸಿಗೆಯಲ್ಲಿ ದೂರದಿಂದ ನೋಡಿದವರಿಗೆ ಇದು ಬರಿಯ ಕಲ್ಲುಮುಳ್ಳಿನ ನೆಲ. ಆದರೆ ಕರಡಿ, ಚಿರತೆ, ಕೊಂಡುಕುರಿ, ನವಿಲುಗಳಿಗೆ ಇದೇ ಮನೆ. ಸುಮಾರು 100 ಚದರ ಕಿಲೋಮೀಟರ್ ವಿಸ್ತಾರದ ಜೋಗಿಮಟ್ಟಿ ಅರಣ್ಯ ಇಂದು ವನ್ಯಜೀವಿಧಾಮವಾಗಿದೆ. ಹಿರಿಯೂರಿನ ದಕ್ಷಿಣಕ್ಕೆ, ತುಮಕೂರು ಜಿಲ್ಲೆಯ ಬುಕ್ಕಾಪಟ್ಟಣದಲ್ಲಿ 2019ರಲ್ಲಿ ಚಿಂಕಾರ ವನ್ಯಜೀವಿಧಾಮ ಘೋಷಣೆಯಾಯಿತು. ಕಡಲತೀರದ ಕಾಡುಗಳಂತೆ ಬಯಲುಸೀಮೆಯ ಈ ಒಣಕಾಡಿಗೂ ತನ್ನದೇ ಜೀವವ್ಯವಸ್ಥೆ ಇದೆ.

ಕಡಲಿನ ನಂಟು ಇಲ್ಲಿಗೂ ಇದೆ, ಅದು ಇರುವುದು ಬಂಡೆಗಳಲ್ಲಿ. ಹಿರಿಯೂರು ತಾಲ್ಲೂಕಿನ ಮರಡಿಹಳ್ಳಿಯಲ್ಲಿ ಒಂದರ ಮೇಲೊಂದು ಪೇರಿಸಿದ ದಿಂಬುಗಳನ್ನು ಹೋಲುವ ಶಿಲೆಗಳಿವೆ. ನೀರಿನಡಿಯಲ್ಲಿ ಉಕ್ಕಿದ ಲಾವಾರಸದ ಹೊರಮೈ ತಣ್ಣೀರು ತಾಗಿದೊಡನೆ ಗಟ್ಟಿಯಾಗುತ್ತದೆ. ಒಳಗಿನ ಬಿಸಿರಸ ಆ ಚಿಪ್ಪನ್ನು ಸೀಳಿ ಹೊರಬಂದು ಮತ್ತೊಂದು ಗುಂಡನೆಯ ಮುದ್ದೆಯಾಗುತ್ತದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ಹೀಗೆ ರೂಪುಗೊಂಡ ಈ ದಿಂಬು ಲಾವಾವನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ.

ಕಾಡಿನ ಸ್ವರೂಪವನ್ನು ನಿರ್ಧರಿಸುವುದು ಮಳೆ. ಅರಬ್ಬೀ ಸಮುದ್ರದಿಂದ ಬರುವ ಮೋಡಗಳು ಪಶ್ಚಿಮಘಟ್ಟದಲ್ಲೇ ಬಹುಪಾಲು ಸುರಿದುಬಿಡುವುದರಿಂದ ಚಿತ್ರದುರ್ಗ ಜಿಲ್ಲೆ ಮಳೆನೆರಳಿನಲ್ಲಿದೆ. ಮುಂಗಾರಿನ ತಿಂಗಳುಗಳಲ್ಲಿ ಮಳೆಗಿಂತ ಗಾಳಿಯೇ ಜೋರು. ಗುಡ್ಡಗಳ ನೆತ್ತಿಯಲ್ಲಿ ಗಾಳಿಯಂತ್ರಗಳು ಸಾಲುಗಟ್ಟಿರುವುದು ಇದೇ ಕಾರಣಕ್ಕೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಮಳೆಯೇ ಇಲ್ಲಿನ ಕೆರೆಕಟ್ಟೆಗಳಿಗೆ ಆಧಾರ.

ಗಿಡಮರಗಳು ಇದಕ್ಕೆ ತಕ್ಕಂತೆ ಒಗ್ಗಿಕೊಂಡಿವೆ. ಜಾಲಿ, ಕಾರೆ, ಕವಳೆಗಳ ಎಲೆ ಚಿಕ್ಕದು, ಮುಳ್ಳು ಬಲವಾದದ್ದು. ಸಣ್ಣ ಎಲೆಯಿಂದ ಆವಿಯಾಗುವ ನೀರು ಕಡಿಮೆ, ಮುಳ್ಳಿದ್ದರೆ ಮೇಯುವ ಬಾಯಿಗಳಿಂದ ರಕ್ಷಣೆ. ಬಂದರೆ ಗಿಡದ ಎಲೆಯ ಮೇಲಿನ ಅಂಟು ಲೇಪವೂ ತೇವ ಆರದಂತೆ ತಡೆಯುತ್ತದೆ. ದಿಂಡಿಗ, ಮುತ್ತುಗದಂಥ ಮರಗಳು ಬೇಸಿಗೆಯ ಹೊತ್ತಿಗೆ ಎಲೆ ಉದುರಿಸುತ್ತವೆ. ಮಾರ್ಚ್‌ನಲ್ಲಿ ಒಣಗಿದಂತೆ ಕಾಣುವ ಗುಡ್ಡ ಸತ್ತಿರುವುದಿಲ್ಲ. ಒಂದೆರಡು ಹದಮಳೆ ಬಿದ್ದರೆ ಅದು ಮತ್ತೆ ಚಿಗುರುತ್ತದೆ.

ಈ ಕಾಡಿನ ಮುಖ್ಯ ಪ್ರಾಣಿ ಕರಡಿ. ಗೆದ್ದಲು, ಇರುವೆ, ಜೇನು ಮತ್ತು ಹಣ್ಣುಗಳೇ ಅದರ ಆಹಾರ. ಕರಡಿಯ ಮೇಲ್ದವಡೆಯ ಮುಂಭಾಗದಲ್ಲಿ ಎರಡು ಬಾಚಿಹಲ್ಲುಗಳು ಇರುವುದಿಲ್ಲ. ಉದ್ದನೆಯ ಉಗುರುಗಳಿಂದ ಹುತ್ತವನ್ನು ಬಗೆದು, ಮೂತಿಯನ್ನು ಒಳಗಿಟ್ಟು, ಮೊದಲು ಜೋರಾಗಿ ಊದಿ ಮಣ್ಣು ಹಾರಿಸುತ್ತದೆ. ಆಮೇಲೆ ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಂಡು, ಹಲ್ಲಿನ ಆ ಸಂದಿನಿಂದ ಗೆದ್ದಲನ್ನು ಹೀರುತ್ತದೆ. ಹೀರುವ ಸದ್ದು ದೂರದವರೆಗೂ ಕೇಳಿಸುತ್ತದೆ. ಬಾರೆ, ಕವಳೆ, ಕಕ್ಕೆಯ ಬೀಜಗಳು ಅದರ ಹಿಕ್ಕೆಯ ಮೂಲಕ ಕಾಡಿನ ತುಂಬ ಹರಡುತ್ತವೆ.

ಚಿಂಕಾರ ತೆಳುಮೈಯ ಪುಟ್ಟ ಹುಲ್ಲೆ. ಎಲೆ, ಹಣ್ಣು ಮತ್ತು ಇಬ್ಬನಿಯಿಂದಲೇ ಬೇಕಾದ ನೀರನ್ನು ಬಹುಮಟ್ಟಿಗೆ ಪಡೆದು ಅದು ದಿನಗಟ್ಟಲೆ ನೀರು ಕುಡಿಯದೆ ಇರಬಲ್ಲದು. ಕೊಂಡುಕುರಿಯ ಗಂಡಿಗೆ ನಾಲ್ಕು ಕೊಂಬುಗಳಿರುತ್ತವೆ. ಕಾಡುಪ್ರಾಣಿಗಳಲ್ಲಿ ಇಂಥ ಲಕ್ಷಣ ಬೇರೆಲ್ಲೂ ಇಲ್ಲ. ಬಂಡೆಗಳ ಸಂದಿಯಲ್ಲಿ ಹಗಲು ಕಳೆಯುವ ಚಿರತೆ ಕತ್ತಲಾದ ಮೇಲೆ ಬೇಟೆಗೆ ಇಳಿಯುತ್ತದೆ. ದಕ್ಷಿಣ ಭಾರತದ ಬಂಡೆಗುಡ್ಡಗಳನ್ನು ಬಿಟ್ಟು ಬೇರೆಡೆ ಕಾಣದ ಹಳದಿ ಕೊರಳಿನ ಪಿಕಳಾರ ಇಂಥ ನೆಲೆಗಳನ್ನೇ ನೆಚ್ಚಿಕೊಂಡ ಹಕ್ಕಿ.

ಈ ಸಾಲಿನ ಗುಡ್ಡಗಳ ನಡುವೆ ವೇದಾವತಿ ನದಿ ಹಾದುಹೋಗುವ ಕಿರಿದಾದ ಕಂಡಿಯೇ ಮಾರಿಕಣಿವೆ. ಮೈಸೂರು ಸಂಸ್ಥಾನ 1907ರಲ್ಲಿ ಅಲ್ಲಿ ಅಣೆಕಟ್ಟು ಕಟ್ಟಿ ಮುಗಿಸಿ, ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರಿನಲ್ಲಿ ವಾಣಿವಿಲಾಸ ಸಾಗರ ಎಂದು ಕರೆಯಿತು. 130 ಅಡಿ ಪೂರ್ಣಮಟ್ಟದ, ಸುಮಾರು 30 ಟಿಎಂಸಿ ಅಡಿ ನೀರು ಹಿಡಿಸುವ ಈ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಇದರ ಹಿನ್ನೀರು ಹೊಸದುರ್ಗ ತಾಲ್ಲೂಕಿನತ್ತ ಚಾಚಿದೆ. ನೀರು ಇಳಿದಾಗ ತೆರೆದುಕೊಳ್ಳುವ ಕೆಸರಂಚು ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿಗಳಿಗೆ ಮೇವಿನ ತಾಣ. ಒಣಸೀಮೆಯ ಪ್ರಾಣಿಪಕ್ಷಿಗಳಿಗೆ ಬೇಸಿಗೆಯಲ್ಲಿ ಇಷ್ಟು ದೊಡ್ಡ ನೀರಿನಾಸರೆ ಹತ್ತಿರದಲ್ಲಿ ಬೇರೆ ಇಲ್ಲ.

ಕುರುಚಲು ಕಾಡನ್ನು ‘ಪಾಳುಭೂಮಿ’ ಎಂದು ಎಣಿಸುವುದೇ ಅದಕ್ಕೆ ಎದುರಾಗಿರುವ ದೊಡ್ಡ ಅಪಾಯ. ಎಳೆಹುಲ್ಲು ಚಿಗುರಲೆಂದು ಹಚ್ಚುವ ಬೆಂಕಿ ನೆಲದ ಮೇಲಿನ ಗೂಡು, ಮೊಟ್ಟೆ, ಸಸಿಗಳನ್ನು ಸುಡುತ್ತದೆ. ಗಣಿ ಮತ್ತು ಗಾಳಿಯಂತ್ರಗಳಿಗಾಗಿ ಕಡಿದ ರಸ್ತೆಗಳು ಕಾಡನ್ನು ತುಂಡರಿಸುತ್ತವೆ. ಲಂಟಾನ ಸ್ಥಳೀಯ ಗಿಡಗಳ ಜಾಗ ಕಬಳಿಸುತ್ತದೆ. ಬಯಲಿನಲ್ಲಿ ಓಡಿ ಬದುಕುವ ಚಿಂಕಾರಕ್ಕೆ ದಟ್ಟವಾಗಿ ಮರ ನೆಡುವುದು ಕೂಡ ಉಪಕಾರವಲ್ಲ.

ನೋಡಲು ಹೋಗುವವರಿಗೆ ಮಳೆ ಮುಗಿದ ಅಕ್ಟೋಬರ್ ಕೊನೆಯಿಂದ ಜನವರಿವರೆಗಿನ ಕಾಲ ಅನುಕೂಲ. ಹಕ್ಕಿಗಳಿಗಾಗಿ ಬೆಳಗಿನ ಹೊತ್ತು ಒಳ್ಳೆಯದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಭಯಾರಣ್ಯದೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಬೆಂಕಿ ಹಚ್ಚುವುದು, ಪ್ರಾಣಿಗಳನ್ನು ಕೆಣಕುವುದು, ಕಸ ಎಸೆಯುವುದು ಅಪರಾಧ. ಕರಡಿಗೆ ವಾಸನೆ ಚೆನ್ನಾಗಿ ತಿಳಿಯುತ್ತದೆ, ಕಣ್ಣು ಅಷ್ಟು ಚುರುಕಲ್ಲ. ಮೊಗ್ಗುಲಲ್ಲೇ ಮನುಷ್ಯರನ್ನು ಕಂಡರೆ ಬೆಚ್ಚಿ ಮೇಲೆರಗುತ್ತದೆ. ಹೀಗಾಗಿ ನಸುಕು ಮತ್ತು ಮುಸ್ಸಂಜೆಯಲ್ಲಿ ಒಂಟಿಯಾಗಿ ನಡೆಯಬಾರದು, ಬಂಡೆಗುಹೆಗಳಲ್ಲಿ ಇಣುಕಬಾರದು. ಗುಂಪಿನಲ್ಲಿ, ಮೆಲ್ಲಗೆ ಮಾತಾಡುತ್ತ, ಸಿಬ್ಬಂದಿ ತೋರಿಸಿದ ದಾರಿಯಲ್ಲೇ ಸಾಗಬೇಕು. ಕುಡಿಯುವ ನೀರನ್ನು ಜೊತೆಗೆ ಒಯ್ದು, ಖಾಲಿ ಬಾಟಲಿಯನ್ನು ತಪ್ಪದೆ ಹಿಂದಕ್ಕೆ ತರಬೇಕು. ಬಯಲುಸೀಮೆಯಲ್ಲಿ ಉಳಿದಿರುವ ಕಾಡೇ ಕೊಂಚ. ಅದನ್ನು ಕೆಡಿಸದೆ ನೋಡಿ ಬರುವುದು ಪ್ರತಿಯೊಬ್ಬ ಪ್ರವಾಸಿಯ ಹೊಣೆ.